ಹೆಳವರ ಪುಸ್ತಕದಲ್ಲಿ ಸಿಕ್ಕ ತಾತ

ಎಪ್ಪತ್ತರ ದಶಕದ ಕೊನೆಯ ಒಂದು ಭಾನುವಾರ, ನಾನು ಪ್ರೀತಿಸುತ್ತಿದ್ದ ಹುಡುಗ ಉಪ್ಪಿಟ್ಟು ತಿನ್ನುತ್ತಿರುವಾಗಲೇ ನನಗೆ ಅಣ್ಣನಾಗಿಬಿಟ್ಟ.

ನಾವಿಬ್ಬರೂ ಜಯನಗರ ನಾಲ್ಕನೇ ಬ್ಲಾಕಿನ ಟೈಪಿಂಗ್ ಕ್ಲಾಸಿನಲ್ಲಿ ಪರಿಚಯವಾದವರು. ಅವನದು ಕನ್ನಡ ಮಷೀನು, ನನ್ನದು ಇಂಗ್ಲಿಷು. ಹಾಳೆ ಹರಿದಾಗಲೆಲ್ಲ ನನ್ನ ಕಡೆ ನೋಡಿ ನಗುತ್ತಿದ್ದ. ಅವನು ಬೇಕೆಂದೇ ಹರಿಯುತ್ತಿದ್ದಾನೆಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಮನೆಯಲ್ಲಿ ಹೇಳಿದಾಗ ಹೆಚ್ಚು ಗಲಾಟೆಯೇನೂ ಆಗಲಿಲ್ಲ. ಎರಡೂ ಮನೆಯವರು ಶಿವಭಕ್ತರು, ಶಿರಾ ಕಡೆಯಿಂದ ಬಂದವರು. ನಮ್ಮಪ್ಪ ಸರ್ಕಾರಿ ಗುಮಾಸ್ತ. ಅವನ ಮನೆಯವರಿಗೆ ಯಡಿಯೂರಿನಲ್ಲಿ ಮನೆ, ಮನೆಯ ಮುಂದೆಯೇ ಪಾತ್ರೆ ಅಂಗಡಿ. ಹೆಣ್ಣು ನೋಡುವ ಶಾಸ್ತ್ರಕ್ಕೆ ಅವನೂ ಅವನ ಅಜ್ಜಿಯೂ ಬನಶಂಕರಿಯ ನಮ್ಮ ಮನೆಗೆ ಬಂದರು.

ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ನಿಮ್ದು ಯಾವ ಬೆಡಗು?"

ಬೆಡಗು ಎಂದರೆ ವಂಶದ ಹೆಸರು. ಒಂದೇ ಬೆಡಗಿನವರು ಎಷ್ಟೇ ದೂರದವರಾದರೂ ಒಡಹುಟ್ಟಿದವರ ಲೆಕ್ಕ. ಅಪ್ಪ ತಮ್ಮ ಬೆಡಗು ಹೇಳಿದರು. ಅಜ್ಜಿ ಕಾಫಿ ಲೋಟ ಕೆಳಗಿಟ್ಟರು.

"ಅಯ್ಯೋ ಶಿವನೇ, ನಮ್ದೂ ಅದೇ! ಮಗಾ, ಇವಳು ನಿಂಗೆ ತಂಗಿ ಆಗ್ಬೇಕು ಕಣೋ!"

ಅವನಿಗೆ ಉಪ್ಪಿಟ್ಟು ನೆತ್ತಿಗೇರಿತು. ನನಗೆ ಅಳು ಬರಬೇಕಿತ್ತು, ಬಂದದ್ದು ನಗು. ಅಡುಗೆಮನೆಗೆ ಓಡಿ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅವರು ಎದ್ದು ಹೋದ ಮೇಲೆ ಅಳುವೂ ಬಂತು, ಬೇಕಾದಷ್ಟು.

ಅಪ್ಪ ಮಾತ್ರ ಸೋಲಲಿಲ್ಲ. "ಕಾಗದ ನೋಡ್ದೆ ಯಾವ ಫೈಲೂ ಮುಚ್ಬಾರ್ದು," ಎಂದರು. ಟ್ರಂಕಿನಲ್ಲಿದ್ದ ಹಳೆಯ ಪತ್ರಗಳನ್ನೆಲ್ಲ ಹಾಸಿಗೆಯ ಮೇಲೆ ಹರವಿದರು. ರಜೆ ಹಾಕಿ ಊರಿನ ತಾಲ್ಲೂಕು ಕಚೇರಿಗೆ ಹೋಗಿ ವಂಶವೃಕ್ಷ ತೆಗೆಸಿದರು. ಅದರಲ್ಲಿ ಅಪ್ಪ, ತಾತ, ತಾತನ ಅಪ್ಪ ಇದ್ದರು. ಅಲ್ಲಿಂದ ಮೇಲೆ ಖಾಲಿ. ಅದನ್ನು ಯಡಿಯೂರಿಗೆ ಒಯ್ದು ತೋರಿಸಿದರೆ ಅಜ್ಜಿ ತಲೆಯಾಡಿಸಿ, "ಕಚೇರಿಯೋರಿಗೇನು ಗೊತ್ತು? ಹೆಳವರನ್ನ ಕೇಳಿ," ಎಂದರಂತೆ.

ಹೆಳವರು ಎತ್ತಿನ ಮೇಲೆ ಕೂತು ಊರೂರು ತಿರುಗುತ್ತ, ತಮಗೆ ಸೇರಿದ ಮನೆತನಗಳ ವಂಶಾವಳಿ ಹಾಡಿ, ದವಸ, ಬಟ್ಟೆ ಪಡೆಯುವವರು. ಪೇಟೆ ಸೇರಿದವರನ್ನೂ ಹುಡುಕಿಕೊಂಡು ಬರುತ್ತಿದ್ದರು. ಆ ಭಾನುವಾರದಿಂದ ಮೂರು ವಾರ ಕಳೆದ ಮೇಲೆ ನಮಗೆ ಹಾಲು ತರುತ್ತಿದ್ದಾಕೆ, ಗಿರಿನಗರದ ಖಾಲಿ ಸೈಟುಗಳಲ್ಲಿ ಅವರ ಎತ್ತುಗಳನ್ನು ಕಂಡೆ ಎಂದಳು. ಅಪ್ಪ ಅರ್ಧ ಗಡ್ಡ ಹೆರೆದ ಮುಖದಲ್ಲೇ ಸ್ಕೂಟರ್ ಹೊರಗೆ ತೆಗೆದರು. ನಾನು ಹಿಂದೆ ಹತ್ತಿ ಕೂತೆ.

ಗುಡಾರದ ಮುಂದೆ ಕೂತಿದ್ದ ಮುದುಕರೊಬ್ಬರು ನಮ್ಮ ಊರು, ಮನೆತನ ಕೇಳಿದರು. ಅಪ್ಪ ಹೇಳಿದ ಕೂಡಲೇ ಎದ್ದು ನಿಂತರು.

"ನೀವಾ! ಎಂಟು ವರ್ಷದಿಂದ ಹುಡುಕ್ತಾ ಇವ್ನಿ. ಎಲ್ಲಿ ತಪ್ಪಿಸ್ಕೊಂಡಿದ್ರಿ ಬುದ್ದಿ?"

ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ದಪ್ಪನೆಯ ಪುಸ್ತಕ, ಅಂಚೆಲ್ಲ ಸವೆದಿತ್ತು. ಅವರು ಹೆಸರುಗಳನ್ನು ರಾಗವಾಗಿ ಹೇಳುತ್ತ ಮೇಲೆ ಮೇಲೆ ಹೋದರು. ನನ್ನ ತಾತನ ತಾತನ ಹೆಸರು ಬಂದಾಗ ರಾಗ ನಿಲ್ಲಿಸಿದರು.

"ಇವ್ರು ಆ ಮನೇಲಿ ಹುಟ್ಟಿದೋರಲ್ಲ, ಬಂದೋರು. ಹೊಳೆಯಾಚೆಯಿಂದ ಎತ್ತು ಮಾರೋಕೆ ಹೊಂಟಿದ್ರು. ದಾರೀಲಿ ಎತ್ತಿನ ಕಾಲು ಉಳುಕ್ತು, ಈ ಮನೇಲಿ ತಂಗಿದ್ರು. ಎತ್ತಿನ ಕಾಲು ಎಂಟು ದಿನಕ್ಕೆ ನೆಟ್ಟಗಾಯ್ತು. ಇವ್ರು ಮಾತ್ರ ಹೋಗ್ಲಿಲ್ಲ."

"ಯಾಕೆ?" ಎಂದೆ.

"ಆ ಮನೇಲಿ ಹುಡುಗಿ ಇದ್ಲಲ್ಲ ತಾಯಿ!"

ಹುಡುಗಿಯ ತಮ್ಮ ಇನ್ನೂ ಚಿಕ್ಕವನು, ಹೊಲ ಬಹಳ. ಹಾಗಾಗಿ ನಮ್ಮ ಹಿರಿಯರನ್ನು ಮನೆ ಅಳಿಯನಾಗಿ ಇಟ್ಟುಕೊಂಡರಂತೆ. ಅವರ ಸ್ವಂತ ಬೆಡಗು ಬೇರೆಯಾಗಿದ್ದರೂ ಮಕ್ಕಳು ಮೊಮ್ಮಕ್ಕಳು ತಾವು ಬೆಳೆದ ಮನೆಯ ಬೆಡಗನ್ನೇ ಹೇಳಿಕೊಂಡು ಬಂದರು.

"ಆ ತಮ್ಮ ಏನಾದ?" ಅಪ್ಪ ಪುಸ್ತಕದ ಮೇಲೆ ಬಾಗಿ ಕೇಳಿದರು.

ಮುದುಕರು ಪುಟ ಮಗುಚಿದರು. "ಅವ್ರ ಕಡೆಯೋರೂ ಇಲ್ಲೇ ಅವ್ರೆ. ಯಡಿಯೂರು. ಪಾತ್ರೆ ಯಾಪಾರ."

ನನ್ನಪ್ಪ ಕುಣಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪುಸ್ತಕದ ಸಮೇತ ಮುದುಕರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟರು. "ನಿಧಾನ ಬುದ್ದಿ, ಇದು ಎತ್ತಿಗಿಂತ ಜೋರು ಓಡ್ತದೆ!" ಎಂಬ ಕೂಗು ತಿರುವಿನಾಚೆಗೂ ಕೇಳಿಸಿತು. ನಾನು ಆಟೋ ಹಿಡಿದೆ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದುದನ್ನು ಕಂಡು ಆಟೋದವನು ಎರಡು ಸಲ ಹಿಂತಿರುಗಿ ನೋಡಿದ.

ಯಡಿಯೂರಿನ ನಡುಮನೆಯಲ್ಲಿ ಹೆಳವರು ಎಲ್ಲವನ್ನೂ ಇನ್ನೊಮ್ಮೆ ಹಾಡಿದರು. ಅಜ್ಜಿ ಬೆರಳು ಮಡಚುತ್ತ ಲೆಕ್ಕ ಹಾಕಿದರು.

"ನೀವು ಅಕ್ಕನ ಕಡೆ, ನಾವು ತಮ್ಮನ ಕಡೆ... ಹಂಗಾದ್ರೆ ಇವಳು ತಂಗಿ ಅಲ್ಲ ಕಣೋ ಮಗಾ, ಅತ್ತೆ ಮಗಳ ವರಸೆ! ಮದುವೆಗೆ ಹೇಳಿ ಮಾಡಿಸ್ದಂಗಿದೆ!"

ಮುಂದಿನ ಅಂಗಡಿಯಲ್ಲಿ ತಟ್ಟೆಗಳ ರಾಶಿ ಒಮ್ಮೆಲೇ ಉರುಳಿದ ಸದ್ದಾಯಿತು. ಅವನು ಬಾಗಿಲಲ್ಲಿ ಬಂದು ನಿಂತ, ಕೈಯಲ್ಲಿ ಒಂದೇ ಒಂದು ತಟ್ಟೆ. ಕಿವಿಗಳೆರಡೂ ಕೆಂಪಾಗಿದ್ದವು.

"ಆ ತಾತನ್ನ ನಿಲ್ಲಿಸ್ಕೊಂಡ ಹುಡುಗಿ ಹೆಸರೇನು?" ನಾನು ಮುದುಕರನ್ನು ಕೇಳಿದೆ. ಅವರು ಪುಟದ ಮೇಲೆ ಬೆರಳಾಡಿಸಿ ನೋಡಿದರು. ಇರಲಿಲ್ಲ.

"ಹೆಣ್ಮಕ್ಕಳ ಹೆಸ್ರು ಬರೆಯೋ ಪದ್ಧತಿ ಇಲ್ಲ ತಾಯಿ."

"ಇನ್ಮೇಲೆ ಇರ್ಲಿ," ಎಂದು ಅಪ್ಪ ಜೇಬಿನಿಂದ ತಮ್ಮ ಪೆನ್ನು ತೆಗೆದುಕೊಟ್ಟರು. ಮುದುಕರು ಒಂದು ಕ್ಷಣ ಅಜ್ಜಿಯ ಮುಖ ನೋಡಿದರು. ಅಜ್ಜಿ, "ಬರ್ಕೊಳಿ ಮತ್ತೆ, ಶಾಯಿ ಒಣಗುತ್ತೆ," ಎಂದರು. ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರು ಬಂತು, ಸ್ವಲ್ಪ ಸೊಟ್ಟಗೆ, ದಪ್ಪ ಅಕ್ಷರಗಳಲ್ಲಿ.

ಆಮೇಲೆ ನಮ್ಮಿಬ್ಬರನ್ನೂ ಮೈಸೂರು ಪಾಕು ತರಲು ಕಳಿಸಿದರು. ಅಂಗಡಿ ಇದ್ದದ್ದು ಪಕ್ಕದ ಬೀದಿಯಲ್ಲೇ. ನಾವು ಕೆರೆ ಏರಿಯ ಮೇಲೆ ಸುತ್ತಿ, ಮೂರು ವಾರದ ಮಾತೆಲ್ಲ ಆಡಿ, ಅರ್ಧ ಪೊಟ್ಟಣ ತಿಂದು, ಒಂದು ಗಂಟೆ ತಡವಾಗಿ ವಾಪಸ್ಸಾದೆವು. ಯಾರೂ ಬೈಯಲಿಲ್ಲ.