ಬಾಯಾರಿಕೆಯ ಬಗ್ಗೆ ಮಾತನಾಡದ ಶುಕ್ರವಾರ

ಕಾರ್ಯಕ್ರಮ ನಡೆಯುವ ಮೊದಲೇ ಅದರ ವರದಿ ಬರೆದಿಡುವುದನ್ನು ನಮ್ಮಂಥ ಸಣ್ಣ ಜಿಲ್ಲಾ ಪತ್ರಿಕೆಗಳಲ್ಲಿ ಯಾರೂ ತಪ್ಪೆಂದು ಭಾವಿಸಿರಲಿಲ್ಲ. ಸಂಘಟಕರು ಆಹ್ವಾನ ಪತ್ರಿಕೆ ತಂದುಕೊಡುತ್ತಿದ್ದರು. ಅದರಲ್ಲಿದ್ದ ಹೆಸರುಗಳನ್ನು ಇಟ್ಟುಕೊಂಡು, ಎಲ್ಲ ಮುಗಿದುಹೋಗಿದೆ ಎಂಬಂತೆ ಬರೆದು ಕೊಟ್ಟರೆ ಆಯಿತು. ತಾಲ್ಲೂಕು ಸುದ್ದಿಗಳ ಪುಟ ಸಂಜೆ ಐದಕ್ಕೆ ಮುಚ್ಚುತ್ತಿತ್ತು; ಕಾರ್ಯಕ್ರಮಗಳು ಐದಕ್ಕೆ ಮುಗಿಯುತ್ತಿರಲಿಲ್ಲ. ಹಾಸನದಲ್ಲಿ ವರದಿಗಾರನಾಗಿದ್ದಷ್ಟು ವರ್ಷ ನಾನೂ ಹಾಗೆ ಬರೆದೆ. ಎಷ್ಟು ಬರೆದೆನೋ ಲೆಕ್ಕವಿಲ್ಲ. ಒಂದು ಮಾತ್ರ ನೆನಪಿನಲ್ಲಿ ಉಳಿದಿದೆ. ಅದು ತೊಂಬತ್ತರ ದಶಕದ ಕೊನೆಯ ಒಂದು ಶುಭ ಶುಕ್ರವಾರದ ವರದಿ.

ನನ್ನ ಅಪ್ಪ ಹೊಳೆನರಸೀಪುರದ ಕಡೆಯ ಸಣ್ಣ ಕ್ರೈಸ್ತ ಸಭೆಯೊಂದರ ಉಪದೇಶಿಯಾಗಿದ್ದರು. ಬೇರೆ ಹುಡುಗರು ಮಗ್ಗಿ ಕಲಿಯುವ ವಯಸ್ಸಿನಲ್ಲಿ ನಾನು ಅಧ್ಯಾಯಗಟ್ಟಲೆ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದೆ. ಪತ್ರಿಕೆಗೆ ಸೇರಿದ ಮೇಲೆ ವ್ಯಾಖ್ಯಾನದ ಪುಸ್ತಕಗಳನ್ನು ತರಿಸಿಕೊಂಡು ಓದಿದೆ. ನಮ್ಮ ಸಭೆಗಳಲ್ಲಿ ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ ಇರುತ್ತದೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಬಗ್ಗೆ ಏಳು ಜನ ಒಬ್ಬರಾದ ಮೇಲೆ ಒಬ್ಬರು ಮಾತನಾಡುತ್ತಾರೆ. ಐದನೆಯದು 'ನನಗೆ ಬಾಯಾರಿಕೆಯಾಗಿದೆ' ಎಂಬ ಮಾತು. ಅದು ಹೇಗೋ ನನ್ನ ಪಾಲಿಗೆ ಬಂದು ನನ್ನಲ್ಲೇ ಉಳಿಯಿತು. ಒಂದು ವರ್ಷ ಅರಕಲಗೂಡಿನಲ್ಲಿ, ಒಂದು ವರ್ಷ ಚನ್ನರಾಯಪಟ್ಟಣದಲ್ಲಿ, ಮತ್ತೊಂದು ವರ್ಷ ಹೊಳೆನರಸೀಪುರದಲ್ಲಿ. ರೋಮನ್ ಸೈನಿಕರು ಸ್ಪಂಜಿನಲ್ಲಿ ಅದ್ದಿ ಯೇಸುವಿನ ಬಾಯಿಗೆ ಮುಟ್ಟಿಸಿದ ಹುಳಿರಸ ಯಾವುದು, ರಕ್ತ ಸೋರಿದ ದೇಹಕ್ಕೆ ಬಾಯಾರಿಕೆ ಏಕಾಗುತ್ತದೆ, ಎಲ್ಲವನ್ನೂ ಹದಿನೈದು ನಿಮಿಷದಲ್ಲಿ ಹೇಳಿ ಇಳಿಯುತ್ತಿದ್ದೆ. ಜನ ತಲೆದೂಗುತ್ತಿದ್ದರು. ನನಗೆ ಮೂರನೆಯ ವರ್ಷಕ್ಕೇ ಸಾಕಾಗಿತ್ತು. ಆದರೂ ಕರೆದಾಗ ಹೋಗುತ್ತಿದ್ದೆ. ನಾನು ಸುಳ್ಳು ಹೇಳುತ್ತಿರಲಿಲ್ಲ. ಮೂಲಗಳನ್ನು ನೋಡಿಯೇ ಹೇಳುತ್ತಿದ್ದೆ. ಒಬ್ಬನೇ ಇದ್ದಾಗ ಪ್ರಾರ್ಥನೆ ಮಾತ್ರ ಮಾಡುತ್ತಿರಲಿಲ್ಲ.

ಇದನ್ನು ಗಮನಿಸಿದವಳು ಅಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅರಕಲಗೂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯಾಗಿರಲಿಲ್ಲ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಒಮ್ಮೆ ಅರಕಲಗೂಡಿನಲ್ಲಿ ನನ್ನ ಭಾಷಣ ಮುಗಿದ ಮೇಲೆ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದು ಬಂದಳು.

"ಚೆನ್ನಾಗಿ ಮಾತಾಡ್ದೆ ಕಣೋ. ಪಕ್ಕದ್ಮನೆಯವ್ರ ಸಮಾಚಾರ ಹೇಳ್ದಂಗಿತ್ತು."

"ಅಂದ್ರೆ?"

"ಅವ್ರ ಮನೇಲಿ ಏನೇನೈತೆ ಅಂತ ಎಲ್ಲಾ ಗೊತ್ತು ನಿಂಗೆ. ಒಂದ್ಸಲನಾದ್ರೂ ಬಾಗ್ಲು ತಟ್ಟಿದ್ಯೇನೋ?"

ನಾನು ನಕ್ಕೆ. ಅವಳು ನಗಲಿಲ್ಲ. "ನಾನು ಕಣ್ಮುಚ್ಚೋದ್ರೊಳ್ಗೆ ಒಂದ್ಸಲ ತಟ್ಟು. ನೀ ತಟ್ಟಿದ್ದು ನಂಗೆ ಕೇಳಿಸ್ಬೇಕು" ಎಂದಳು. ಅಷ್ಟರಲ್ಲಿ ಹಾಸನದ ಬಸ್ ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು, ನಿದ್ದೆ ಹೋದೆ.

ಮೊದಲು ಹೇಳಿದ ಆ ವರದಿಯ ವರ್ಷ ನನ್ನ ಸರದಿ ಹೊಳೆನರಸೀಪುರದಲ್ಲಿತ್ತು. ಶುಕ್ರವಾರ ನಾನು ಕಚೇರಿಯಲ್ಲಿ ಇರುವುದಿಲ್ಲವಲ್ಲ ಎಂದು ಗುರುವಾರ ಬೆಳಿಗ್ಗೆಯೇ ಶನಿವಾರದ ಪತ್ರಿಕೆಗೆ ವರದಿ ಬರೆದು ಡೆಸ್ಕಿಗೆ ಕೊಟ್ಟೆ. ಆರಾಧನೆ ಶ್ರದ್ಧೆಯಿಂದ ನಡೆಯಿತು, ಇಂಥವರು ಇಂಥ ಮಾತಿನ ಕುರಿತು ಮಾತನಾಡಿದರು ಎಂದು ಏಳು ಹೆಸರು. ಐದನೆಯದು ನನ್ನದು. ಮಧ್ಯಾಹ್ನ ಅರಕಲಗೂಡಿನಿಂದ ಫೋನ್ ಬಂತು. ಅಕ್ಕನಿಗೆ ಬೆಳಗಿನಿಂದ ವಾಂತಿ, ಹೊಟ್ಟೆ ಕಲ್ಲಿನ ಹಾಗಾಗಿದೆ, ಜೀಪಿನಲ್ಲಿ ಹಾಸನಕ್ಕೆ ಕರೆತರುತ್ತಿದ್ದಾರೆ ಎಂದರು. ಕರುಳು ತಿರುಚಿಕೊಂಡಿತ್ತು. ಸಂಜೆಯೇ ಆಪರೇಷನ್ ಎಂದು ಡಾಕ್ಟರು ಹೇಳಿದರು.

ಒಳಗೆ ಕರೆದೊಯ್ಯುವ ಮೊದಲು ಅವಳು ನನ್ನ ಕೈ ಹಿಡಿದು, "ಒಂದ್ ಪ್ರಾರ್ಥನೆ ಮಾಡೋ" ಎಂದಳು. ಮಾಡಿದೆ. ಸರ್ವಶಕ್ತನಿಂದ ಶುರುವಾಗಿ ಕೃಪೆ, ಕನಿಕರ, ವೈದ್ಯರ ಕೈಗಳು ಎಲ್ಲವೂ ಕ್ರಮವಾಗಿ ಬಂದವು. ಅವಳು ಕಣ್ಣುಮುಚ್ಚಿ ಕೇಳಿದಳು.

"ಆಯ್ತಾ? ಇನ್ನು ಅಚ್ಚಿಗೆ ಕಳಿಸ್ಬೋದು."

ಸ್ಟ್ರೆಚರ್ ತಳ್ಳುವವನಿಗೆ ಅವಳು ಹೇಳಿದ್ದು ಅರ್ಥವಾಗಲಿಲ್ಲ. ನನಗೆ ಆಯಿತು.

ಶುಕ್ರವಾರ ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ಹೊಳೆನರಸೀಪುರದ ಪಾದ್ರಿಗಳಿಗೆ ಫೋನ್ ಮಾಡಿದೆ. "ಐದನೇದು ನಾನೇ ನೋಡ್ಕೋತೀನಿ, ನೀವು ಅಕ್ಕನ್ನ ನೋಡ್ಕೊಳ್ಳಿ" ಎಂದರು. ಡೆಸ್ಕಿನಲ್ಲಿದ್ದ ವರದಿ ನನಗೆ ನೆನಪೇ ಆಗಲಿಲ್ಲ. ರಾತ್ರಿ ನನ್ನ ಹೆಂಡತಿ ವಾರ್ಡಿನಲ್ಲಿ ಇರುತ್ತಿದ್ದಳು, ಹಗಲು ನಾನು. ಆಪರೇಷನ್ ಆದವರಿಗೆ ಹೊಟ್ಟೆಯಿಂದ ಗಾಳಿ ಹೋಗುವವರೆಗೆ ಒಂದು ತೊಟ್ಟು ನೀರನ್ನೂ ಕೊಡುವಂತಿಲ್ಲ. ಗಾಳಿ ಹೋದರೆ ಕರುಳು ಕೆಲಸ ಶುರುಮಾಡಿದೆ ಎಂದು ಲೆಕ್ಕ. ಬಿಸಿಲು ಕಿಟಕಿಯ ಸರಳುಗಳನ್ನು ದಾಟಿ ಮಂಚದವರೆಗೆ ಬಂದಿತ್ತು. ಪಕ್ಕದ ಮಂಚದಲ್ಲಿ ದುದ್ದ ಎಂಬ ಊರಿನ ಕಡೆಯ ಒಬ್ಬ ಹೆಂಗಸು, ಪಕ್ಕದಲ್ಲಿ ಅವಳ ಗಂಡ. ಅವನು ಚೊಂಬಿನಿಂದ ನೀರು ಬಗ್ಗಿಸಿದಾಗಲೆಲ್ಲ ಅಕ್ಕನ ಕಣ್ಣು ಆ ಕಡೆ ತಿರುಗುತ್ತಿತ್ತು.

"ನೀರು" ಎಂದಳು.

"ಡಾಕ್ಟ್ರು ಬೇಡ ಅಂದಿದಾರಕ್ಕ. ಕರುಳು ಇನ್ನೂ..."

"ನಂಗೇ ಹೇಳ್ಕೊಡ್ತೀಯೇನೋ? ಇಷ್ಟ್ ವರ್ಷ ಎಲ್ರಿಗೂ ಬೇಡ ಬೇಡ ಅಂದೋಳು ನಾನು. ಅವ್ರೆಲ್ಲ ಹೆಂಗ್ ತಡ್ಕೊಂಡ್ರೋ."

ಹತ್ತಿಬಟ್ಟೆಯ ತುಂಡನ್ನು ನೀರಿನಲ್ಲಿ ಅದ್ದಿ, ಹಿಂಡಿ, ತುಟಿಗೆ ಸವರಿದೆ. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಚೀಪತೊಡಗಿದಳು. ಬಿಡಿಸಿಕೊಳ್ಳಬೇಕಾಯಿತು. ಗೋಡೆಯ ಗಡಿಯಾರದಲ್ಲಿ ಎರಡಾಗುತ್ತಾ ಬಂದಿತ್ತು. ಹೊಳೆನರಸೀಪುರದಲ್ಲಿ ಆಗ ಐದನೆಯ ಮಾತು ನಡೆಯುತ್ತಿರಬೇಕು. ನನ್ನ ಭಾಷಣ ನನಗೆ ಪೂರ್ತಿ ನೆನಪಿತ್ತು. ಅದರಲ್ಲಿ ಇವಳಿಗೆ ಕೊಡುವಂಥದ್ದು ಏನೂ ಇರಲಿಲ್ಲ.

ಶನಿವಾರ ದುದ್ದದವನು ಬನ್ನಿನ ಜೊತೆ ಪತ್ರಿಕೆಯನ್ನೂ ತಂದ. ಒಂದೊಂದೇ ಸುದ್ದಿಯನ್ನು ಗಟ್ಟಿಯಾಗಿ ಓದುವುದು ಅವನ ಅಭ್ಯಾಸ.

"ಸಾ, ನಿಮ್ಮೆಸ್ರು ಬಂದದೆ ನೋಡಿ! ನೆನ್ನೆ ಒಳೆನರಸೀಪುರದಲ್ಲಿ ಬಾಯಾರ್ಕೆ ಬಗ್ಗೆ ಮನಮುಟ್ಟುವಂಗೆ ಮಾತಾಡುದ್ರಂತೆ." ಪತ್ರಿಕೆ ಇಳಿಸಿ ನನ್ನನ್ನೇ ನೋಡಿದ. "ನೆನ್ನೆಲ್ಲಾ ಇಲ್ಲೇ ಕುಂತಿದ್ರಲ್ಲ ಸಾ. ಯಾವಾಗ್ ಓಗ್ಬುಟ್ಟು ಬಂದ್ರಿ?"

"ಸುಮ್ಕಿರಿ ನೀವು" ಎಂದಳು ಅವನ ಹೆಂಡತಿ ಮಲಗಿದ್ದಲ್ಲಿಂದಲೇ. "ಪೇಪರ್ನೋರು ಎಲ್ಲಾ ಕಡೆನೂ ಇರ್ತಾರೆ."

'ಮನಮುಟ್ಟುವಂತೆ' ಎಂಬುದನ್ನು ನಾನು ಬರೆದಿರಲಿಲ್ಲ, ಡೆಸ್ಕಿನವರು ಸೇರಿಸಿದ್ದರು. ಅದನ್ನು ಹೇಳಿ ಪ್ರಯೋಜನವಿರಲಿಲ್ಲ. ಅಕ್ಕ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು. ನಗು ತಡೆದು ಕಣ್ಣಲ್ಲಿ ನೀರು ಬಂದಿತ್ತು.

"ನಗಿಸ್ಬೇಡ್ರಪ್ಪಾ, ಹೊಲಿಗೆ ಬಿಟ್ಕೊಂಡಾತು." ಆಮೇಲೆ ನನ್ನ ಕಡೆ ತಿರುಗಿ, "ಏನೋ, ಬಾಯಾರಿಕೆ ಬಗ್ಗೆ ಏನಂದೆ?" ಎಂದಳು.

ನಾನು ಬಟ್ಟೆಯ ತುಂಡನ್ನು ಮತ್ತೆ ನೀರಿನಲ್ಲಿ ಅದ್ದಿ ಹಿಂಡಿದೆ.

ಸಂಜೆ ಡಾಕ್ಟರು ಹೊಟ್ಟೆ ಒತ್ತಿ ನೋಡಿ ನನ್ನನ್ನು ಹೊರಗೆ ಕರೆದರು. ಸೋಮವಾರದವರೆಗೆ ನೋಡೋಣ, ಆಗಲೂ ಗಾಳಿ ಹೋಗದಿದ್ದರೆ ಮತ್ತೆ ತೆರೆಯಬೇಕಾಗಬಹುದು, ಇನ್ನೊಂದು ಆಪರೇಷನ್ನನ್ನು ಇವರು ತಡೆದುಕೊಳ್ಳುತ್ತಾರೆ ಎಂದು ಹೇಳಲಾರೆ ಎಂದರು. ಭಾನುವಾರ ಈಸ್ಟರ್. ನಾನು ಚರ್ಚಿಗೆ ಹೋಗಲಿಲ್ಲ. ಅಕ್ಕನ ಹೊಟ್ಟೆ ಇನ್ನಷ್ಟು ಬಿಗಿದಿತ್ತು. ಅವಳು ನೀರು ಕೇಳುವುದನ್ನೂ ನಿಲ್ಲಿಸಿದ್ದಳು. ಮೂರು ದಿನ ಸ್ಟೂಲಿನ ಮೇಲೆ ಕುಳಿತು ನನ್ನ ಸೊಂಟ ಹಿಡಿದುಕೊಂಡಿತ್ತು, ತಲೆಯಲ್ಲಿ ಯಾವ ವಾಕ್ಯವೂ ನಿಲ್ಲುತ್ತಿರಲಿಲ್ಲ.

"ನಿಮ್ ದೇವ್ರುನ್ನ ಕೇಳ್ಕಳಿ ಸಾ" ಎಂದಳು ದುದ್ದದ ಹೆಂಗಸು. "ನಾನೂ ನಮ್ಮೂರಮ್ಮನ್ನ ಕೇಳ್ಕಂಡಿವ್ನಿ. ಊಸ್ ಓಗ್ಲಿ ಅಂತ ದೇವ್ರುನ್ನ ಕೇಳೋದಾ ಅಂತ ನಾಚ್ಕೆನಾ? ನಾಚ್ಕಂಡ್ರೆ ನಿಮ್ಮಕ್ಕನ್ ಗತಿಯೇನು?"

ನಿಜವಾಗಿ ನಾಚಿಕೆಯೇ ಆಗಿತ್ತು. ಅಷ್ಟು ಓದಿಕೊಂಡವನು ಇದನ್ನು ಹೇಗೆ ಕೇಳುವುದು? ಆದರೆ ನನಗೆ ಬೇಕಾಗಿದ್ದದ್ದು ಅದೊಂದೇ. ಅಕ್ಕನ ಮಂಚದ ಕಂಬಿ ಹಿಡಿದುಕೊಂಡು, ವಾರ್ಡಿನವರಿಗೆಲ್ಲ ಕೇಳುವಂತೆಯೇ ಹೇಳಿದೆ: "ಸ್ವಾಮಿ, ಇವಳಿಗೆ ನೀರು ಕುಡಿಸ್ಬೇಕು. ಗಾಳಿ ಹೋಗ್ಲಿ. ನಿನಗೆ ಬಾಯಾರಿಕೆ ಗೊತ್ತಲ್ಲ. ನನಗೆ ಇನ್ನೇನೂ ಗೊತ್ತಾಗ್ತಿಲ್ಲ." ಮುಗಿಸುವಾಗ ಹೇಳಬೇಕಾದ ಆಮೆನ್ ಕೂಡ ಮರೆತುಹೋಯಿತು. ಅಕ್ಕ ಕಣ್ಣು ತೆರೆಯಲಿಲ್ಲ. ಕಂಬಿಯ ಮೇಲಿದ್ದ ನನ್ನ ಕೈಯನ್ನು ಹುಡುಕಿ ಎರಡು ಬೆರಳು ಹಿಡಿದುಕೊಂಡಳು.

"ಕೇಳಿಸ್ತು" ಎಂದಳು.

ಕಥೆ ಬರೆಯುವವನಾಗಿದ್ದರೆ ಆ ಕ್ಷಣವೇ, ಈಸ್ಟರ್ ದಿನವೇ ಅದು ಆಯಿತು ಎಂದು ಬರೆಯುತ್ತಿದ್ದೆ. ಆಗಲಿಲ್ಲ. ಸೋಮವಾರ ಹತ್ತು ಗಂಟೆಗೆ, ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದೆ. ಹಿಂದಿನಿಂದ ದುದ್ದದ ಹೆಂಗಸಿನ ಕೂಗು ಕೇಳಿತು: "ಓಯ್ತು ಸಾ! ಓಯ್ತು! ನಂಗೂ ಕೇಳುಸ್ತು!" ಅರ್ಧ ಗಂಟೆಯ ನಂತರ ನರ್ಸ್ ಎರಡು ಚಮಚ ನೀರು ಕೊಡಲು ಒಪ್ಪಿದಳು. ಎರಡನ್ನೂ ನಾನೇ ಕುಡಿಸಿದೆ. ನುಂಗುವಾಗ ಅಕ್ಕನ ಗಂಟಲು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನೋಡಿದೆ.

ನಾಲ್ಕನೆಯ ದಿನಕ್ಕೆ ಹೀಗಾಗುವುದು ಸಾಮಾನ್ಯ ಎಂದರು ಡಾಕ್ಟರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಪ್ರಾರ್ಥನೆಯಿಂದಲೇ ಆಯಿತು ಎಂದು ಬರೆಯಲು ನನ್ನಲ್ಲಿ ಆಧಾರವಿಲ್ಲ. ಆಧಾರವಿರುವುದು ಇಷ್ಟಕ್ಕೆ: ಭಾನುವಾರ ನಾನು ದೇವರನ್ನು ಕೇಳಿದಾಗ ಎದುರಿಗೆ ಒಬ್ಬರಿದ್ದರು. ಸೋಮವಾರ ಚಮಚ ಕೆಳಗಿಟ್ಟು ವಂದನೆ ಹೇಳಿದಾಗಲೂ ಇದ್ದರು. ಮತ್ತೆ ಹೊಟ್ಟೆ ಕೊಯ್ಯಬೇಕಾಗಿ ಬಂದಿದ್ದರೂ ಇರುತ್ತಿದ್ದರು ಎಂದು ನಂಬುತ್ತೇನೆ. ಅದೃಷ್ಟಕ್ಕೆ ಆ ಪರೀಕ್ಷೆ ಬರಲಿಲ್ಲ.

ಕಚೇರಿಗೆ ಹೋದ ದಿನ ಆ ವರದಿಗೆ ತಿದ್ದುಪಡಿ ಬರೆದು ಕೊಟ್ಟೆ. "ಯಾರೂ ನೋಡಿರಲ್ಲ ಬಿಡ್ರೀ" ಎಂದು ಸಂಪಾದಕರು ಅದನ್ನು ಡ್ರಾಯರಿಗೆ ಹಾಕಿದರು. ಅದು ಅಚ್ಚಾಗಲಿಲ್ಲ. ನಂಬಿಕೆ ಬಂದಮೇಲೆ ದಣಿವು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ನನ್ನ ಅನುಭವ ಅದಲ್ಲ. ಅವೇ ಬಸ್ಸುಗಳು, ಅದೇ ಐದು ಗಂಟೆಯ ಪುಟ. ದಣಿದಾಗ ಹೇಳಿಕೊಳ್ಳಲು ಒಬ್ಬರು ಸಿಕ್ಕಿದ್ದರು, ಅಷ್ಟೇ.

ಮುಂದಿನ ವರ್ಷ ಚನ್ನರಾಯಪಟ್ಟಣಕ್ಕೆ ಕರೆದರು, ಮತ್ತೆ ಐದನೆಯ ಮಾತಿಗೇ. ಹುಳಿರಸದ ವಿಷಯ ಬಿಟ್ಟೆ. ಬಟ್ಟೆಯ ತುಂಡು ಮತ್ತು ಎರಡು ಚಮಚದ ವಿಷಯ ಹೇಳಿದೆ. ಐದು ನಿಮಿಷಕ್ಕೆ ಕುಳಿತುಬಿಟ್ಟೆ. ಯಾರೂ ತಲೆದೂಗಲಿಲ್ಲ. ವರದಿ ಮೊದಲೇ ಬರೆದಿಟ್ಟಿರಲಿಲ್ಲ. ಎಲ್ಲ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಬರೆದೆ. ಹಾಸನ ತಲುಪುವ ಹೊತ್ತಿಗೆ ಪುಟ ಮುಚ್ಚಿತ್ತು.

ಶನಿವಾರ ಅರಕಲಗೂಡಿನಿಂದ ಅಕ್ಕ ಫೋನ್ ಮಾಡಿದಳು.

"ಪೇಪರೆಲ್ಲಾ ತಿರುವಿ ಹಾಕ್ದೆ. ನಿಂದು ಬರ್ಲೇ ಇಲ್ವಲ್ಲೋ?"

"ಬರ್ಲಿಲ್ಲ ಕಣಕ್ಕ. ಈ ಸಲ ಮಾತಾಡ್ದೆ."