ಮಡಚಿದ ತುದಿ

ಆಸ್ಟಿನ್‌ನಲ್ಲಿ ನಾನು ಫಿಲ್ಮ್ ತೊಳೆಸುತ್ತಿದ್ದ ಲ್ಯಾಬಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು: ಸ್ಲೈಡ್ ಫಿಲ್ಮ್ ತೊಳೆಯುವುದು ಈ ತಿಂಗಳ ಕೊನೆಯವರೆಗೆ ಮಾತ್ರ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಇಂಥ ಕಾಗದಗಳನ್ನು ಓದಿ ಓದಿ ಸಾಕಾಗಿತ್ತು. ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದ ನಾನು ಈಗ ಪಕ್ಕದ ರೌಂಡ್ ರಾಕ್‌ನಲ್ಲಿ ಕಂಪ್ಯೂಟರ್ ಕೈಪಿಡಿ ಬರೆಯುತ್ತಿದ್ದೆ. ಹಳೆಯ ಅಭ್ಯಾಸದಂತೆ ನೋಟಿಸನ್ನು ಬರೆದುಕೊಂಡು, ನನ್ನ ಹಾಗೇ ಸ್ಲೈಡ್ ಫಿಲ್ಮ್ ಬಳಸುತ್ತಿದ್ದ ಹ್ಯೂಸ್ಟನ್‌ನ ಪರಿಚಯದ ಅಂಕಲ್‌ಗೆ ಫೋನ್ ಮಾಡಿದೆ.

ಅಂಕಲ್ ಧಾರವಾಡದ ಕಡೆಯವರು. ಅವರೂ ಆಂಟಿಯೂ ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಹತ್ತೊಂಬತ್ತು ವರ್ಷ ಸೀರೆ ಅಂಗಡಿ ನಡೆಸಿ ಹಿಂದಿನ ವರ್ಷ ಮುಚ್ಚಿದ್ದರು. ಕೊನೆಯ ದಿನ ಅಂಕಲ್ ಒಂದು ರೋಲ್ ತುಂಬ ಅಂಗಡಿಯದೇ ಚಿತ್ರ ತೆಗೆದಿದ್ದರು. ಅದು ಮನೆಯಲ್ಲೇ ಎಲ್ಲೋ ಕೈತಪ್ಪಿತ್ತು. ಗಡುವಿನೊಳಗೆ ಅದು ಸಿಗಬೇಕು ಎಂಬುದೊಂದೇ ಅವರ ಚಿಂತೆ.

ಆ ಶನಿವಾರ ನಾನು ಹೋದಾಗ ಅಂಕಲ್ ಫ್ರೀಜರ್‌ನಲ್ಲಿ, ತೆಂಗಿನತುರಿಯ ಪ್ಯಾಕೆಟ್ಟಿನ ಕೆಳಗಿಂದ, ಫಿಲ್ಮಿನ ಮೂರು ಕಪ್ಪು ಡಬ್ಬಿ ತೆಗೆದು ಕೊಟ್ಟರು.

"ಹೊಸಾವು ಇಷ್ಟ ಉಳದಾವು. ನನ್ನ ಕೈ ನಡುಗತಾವು, ನೀನ ಹೊಡಿ. ಸುಮ್ನ ಕೆಡಬಾರ್ದು."

"ಅಂಗಡಿ ರೋಲ್ ಸಿಕ್ಕಿತಾ ಅಂಕಲ್?"

"ಕಪಾಟೆಲ್ಲ ಹುಡುಕೀನಿ. ಸಿಗವಲ್ದು."

"ಕನ್ನಡಕ ತಲಿ ಮ್ಯಾಲ ಇಟ್ಕೊಂಡು ಮನಿ ತುಂಬ ಹುಡುಕೋ ಮಂದಿ ಇವರು!" ಅಡುಗೆಮನೆಯಿಂದ ಆಂಟಿ.

ಮನೆಗೆ ಬಂದು ಮುಚ್ಚಳಗಳ ಮೇಲೆ ಒಂದು, ಎರಡು, ಮೂರು ಎಂದು ಬರೆದೆ. ಒಂದನೆಯದು ಆಸ್ಟಿನ್‌ನಲ್ಲೇ ಮುಗಿಯಿತು. ಎರಡನೆಯ ರೋಲಿನ ಹೊರಚಾಚಿದ ತುದಿ ಮಡಚಿತ್ತು. ಕ್ಯಾಮೆರಾದ ಸೀಳಿಗೆ ಹೋಗಲಿಲ್ಲ. ಡಬ್ಬಿಗೆ ತುರುಕುವಾಗ ಮಡಚಿರಬೇಕು ಎಂದುಕೊಂಡು ಉಗುರಿನಿಂದ ತೀಡಿ ನೇರ ಮಾಡಿದೆ. ಡಲ್ಲಾಸ್ ಬಳಿಯ ಮರ್ಫಿಯಲ್ಲಿರುವ ಗೆಳೆಯನ ಇಬ್ಬರು ಹೆಣ್ಣುಮಕ್ಕಳನ್ನು ರಸ್ತೆಬದಿಯ ನೀಲಿ ಹೂಗಳ ನಡುವೆ ಕೂರಿಸಿ ಮೂವತ್ತಾರು ಚಿತ್ರ ತೆಗೆದೆ. "ಆರ್ ವಿ ಡನ್, ಅಂಕಲ್?" ಎಂದು ಚಿಕ್ಕವಳು ನನ್ನನ್ನು ನಾಲ್ಕು ಸಲ ಕೇಳಿದಳು.

ಲ್ಯಾಬಿನವರು ತೊಳೆದುಕೊಟ್ಟ ಸ್ಲೈಡನ್ನು ಬೆಳಕಿಗೆ ಹಿಡಿದಾಗ ಮಗುವಿನ ಕೆನ್ನೆಯ ಮೇಲೆ ಸೀರೆಗಳ ಸಾಲು ಕಂಡಿತು. ಅಂಕಲ್ ಒಮ್ಮೆ ತೆಗೆದ ರೋಲಿನ ಮೇಲೆಯೇ ನಾನು ಮತ್ತೆ ತೆಗೆದಿದ್ದೆ. ಅಂಗಡಿಯ ಬೋರ್ಡನ್ನು ಬಯಲಿನ ಬಿಸಿಲು ಅಳಿಸಿಹಾಕಿತ್ತು. ಒಂದೇ ಒಂದರಲ್ಲಿ, ಓಕ್ ಮರದ ಕಪ್ಪು ನೆರಳಿನೊಳಗೆ, ಕೌಂಟರಿನ ಹಿಂದೆ ನಿಂತ ಆಂಟಿ ಸ್ಪಷ್ಟವಾಗಿದ್ದರು.

ಡೆಸ್ಕಿನಲ್ಲಿ ತಪ್ಪಾದರೆ ಮರುದಿನ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕುತ್ತಿದ್ದೆವು. ಇದಕ್ಕೆ ಅಂಥ ಮೂಲೆ ಇರಲಿಲ್ಲ. ಹ್ಯೂಸ್ಟನ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಸ್ಲೈಡುಗಳನ್ನು ಅಂಕಲ್ ಮುಂದಿಟ್ಟೆ. ಅವರು ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿದರು.

"ತುದಿ ಮಡಚಿದ್ದಿಲ್ಲೇನೋ?"

"ಮಡಚಿತ್ತು. ನಾನೇ ನೇರ ಮಾಡಿದೆ."

"ಮಡಚಿದ್ದಂದ್ರ ತೆಗದದ್ದು ಅಂತಪಾ. ಮನ್ಯಾಗ ತೊಳಿಯೋ ಕಾಲದ ರೂಢಿ. ತುದಿ ಹೊರಗ ಬಿಟ್ಟು ಸುತ್ತೋದು, ಗುರ್ತಿಗೆ ಮಡಚೋದು."

"ನನಗೆ ಗೊತ್ತಿರಲಿಲ್ಲ ಅಂಕಲ್."

"ಆಗ ಎಲ್ಲಾರಿಗೂ ಗೊತ್ತಿತ್ತು," ಎಂದರು. ಸಿಟ್ಟೇನೂ ಇರಲಿಲ್ಲ, ದಣಿವಿತ್ತು.

ಆಂಟಿ ಕೈ ಒರೆಸಿಕೊಳ್ಳುತ್ತ ಬಂದರು. "ಕಪಾಟಿನಾಗಿಂದ ತಗದು ಫ್ರೀಜರ್‌ನಾಗ ಇಟ್ಟಾಕಿ ನಾನ. ಹೊಸಾದು, ಕೆಡತೈತಿ ಅಂತ."

ಆಂಟಿ ಮರದ ನೆರಳಿನ ಸ್ಲೈಡನ್ನು ಎತ್ತಿ ಕಿಟಕಿಗೆ ಹಿಡಿದರು.

"ಈ ಹುಡುಗ್ಯಾರು ಯಾರು? ಕೌಂಟರ್ ಮುಂದ ಕುಂತಾರಲ್ಲ."

"ನನ್ನ ಗೆಳೆಯನ ಮಕ್ಕಳು."

"ಕೊನೀ ದಿನ ಒಂದೂ ಗಿರಾಕಿ ಬಂದಿದ್ದಿಲ್ಲ. ನೀನರ ಇಬ್ಬರನ್ನ ಕರ್ಕೊಂಡು ಬಂದಿ."

ಅಂಕಲ್ ನಗಲಿಲ್ಲ. "ಮೂರನೇದು?" ಎಂದು ಕೇಳಿದರು.

ಜೇಬಿನಿಂದ ತೆಗೆದು ಕೊಟ್ಟೆ. ಲ್ಯಾಬಿನ ಗಡುವು ಹಿಂದಿನ ದಿನವೇ ಮುಗಿದಿತ್ತು. ಡಲ್ಲಾಸ್‌ನ ಇನ್ನೊಂದು ಲ್ಯಾಬಿಗೆ ಫೋನ್ ಮಾಡಿದಾಗ ಸದ್ಯಕ್ಕೆ ತೊಳೆಯುತ್ತೇವೆ ಎಂದಿದ್ದರು. ಎಲ್ಲಿಯವರೆಗೆ ಎಂದು ಹೇಳಲಿಲ್ಲ. ಅಂಕಲ್ ಡಬ್ಬಿ ತೆರೆದು ತುದಿಯನ್ನು ಬೆರಳಿನಿಂದ ಸವರಿ ನೋಡಿದರು. ನೇರವಾಗಿತ್ತು. ಮುಚ್ಚಳ ಹಾಕಿ, ಫ್ರೀಜರ್ ತೆರೆದು, ತೆಂಗಿನತುರಿಯ ಕೆಳಗೆ ಮತ್ತೆ ಇಟ್ಟರು.