ಆರನೆಯ ಪೈಪು

ಐದು ಜನ ಸೇದುವವರು ಆರು ಪೈಪು ಯಾಕೆ ಮಾಡಿಸುತ್ತಾರೆ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ನಮ್ಮ ಜಗಲಿಯ ಮಾತಿಗೆಲ್ಲ ಕಿವಿ ಕೊಡತೊಡಗಿದೆ. ಅಲ್ಲಿಯವರೆಗೆ ಆ ಗಂಡಸರ ಮಾತು ಕೇಳುವ ಗ್ರಹಚಾರ ನನಗಿರಲಿಲ್ಲ. ಮಳೆ, ಕೊಬ್ಬರಿ ಧಾರಣೆ, ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಇಷ್ಟೇ ಅಲ್ಲಿ ನಡೆಯುವುದು.

ನಮ್ಮದು ಬಿಳಿಗೆರೆ. ಸಂಜೆ ಜಗಲಿಯ ಮೇಲೆ ಕೂರುವವರು ನಮ್ಮ ಯಜಮಾನರ ಐದು ಜನ ಗೆಳೆಯರು. ಎಲ್ಲರಿಗೂ ವಯಸ್ಸಾಗಿದೆ, ಎಲ್ಲರೂ ಬೀಡಿಯವರೇ. ಯಜಮಾನರೂ ಸೇದುತ್ತಿದ್ದರು. ಹೋದ ವರ್ಷ ಉಸಿರು ಕಟ್ಟಿ ತಿಪಟೂರಿನ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಂದ್ ಸಲ ಹೊಗೆ ಎಳೆದ್ರೆ ಇಲ್ಲಿಗೆ ಕರ್ಕೊಂಡು ಬರೋದೇ ಬೇಡ ಕಣಮ್ಮ" ಅಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆ ಮಾತು ಅರ್ಥವಾಗಲು ಅಷ್ಟು ಸಾಕಿತ್ತು. ಮನೆಗೆ ಬಂದ ದಿನವೇ ಯಜಮಾನರು ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಟ್ಟಿ ಆಣೆ ಮಾಡಿ, "ಇನ್ ಸೇದಲ್ಲ" ಅಂದರು. ಜಗಲಿಯ ಮೇಲೆ ಯಾರೂ ಬೆಂಕಿ ಕಡ್ಡಿ ಗೀರಕೂಡದು ಅಂತ ನಾನು ಕಟ್ಟು ಮಾಡಿದೆ. ಸೇದುವವರು ಗೇಟಿನಾಚೆ ಹೋಗಿ ಸೇದಿ ಬರುತ್ತಿದ್ದರು. ಆಗ ಯಜಮಾನರು ಒಬ್ಬರೇ ಕೂತು ರಸ್ತೆ ನೋಡುತ್ತಿದ್ದರು. ನೋಡಲಿ ಅಂತ ಬಿಟ್ಟಿದ್ದೆ.

ಪೈಪಿನ ಹುಚ್ಚು ಹಿಡಿಸಿದವನು ದಲಾಲಿ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ದಲಾಲಿ ಮಾಡುವವನು, ಆ ಐವರಲ್ಲಿ ಒಬ್ಬ, ಯಜಮಾನರಿಗಿಂತ ಚಿಕ್ಕವನು. ಕೊಬ್ಬರಿ ಕೊಳ್ಳಲು ಉತ್ತರದ ಕಡೆಯಿಂದ ಬಂದ ಸೇಠು ಒಬ್ಬ ಬಾಯಲ್ಲಿ ಮರದ ಪೈಪು ಕಚ್ಚಿಕೊಂಡೇ ವ್ಯಾಪಾರ ಮುಗಿಸಿದನಂತೆ. ಅದನ್ನು ನೋಡಿದ್ದೇ ತಡ, ಇವನಿಗೆ ಬೀಡಿ ರುಚಿಸದಾಯಿತು. ಮಾಯಸಂದ್ರದಲ್ಲಿ ಮರ ಕೆತ್ತುವವನೊಬ್ಬ ಹುಣಸೆ ಮರದ ಗಟ್ಟಿ ತಿರುಳು ಚೇಗಿನಲ್ಲಿ ಕೈಯಲ್ಲೇ ಮಾಡಿಕೊಡುತ್ತೇನೆ ಅಂದನಂತೆ. ಆದರೆ ಒಬ್ಬೊಬ್ಬರಿಗೆ ಒಂದೊಂದು ಆಕಾರ ಕೆತ್ತುತ್ತಾ ಕೂರಲಾರೆ, ಆರಕ್ಕೂ ಒಂದೇ ಆಕಾರ ಹೇಳಿದರೆ ಮಾತ್ರ ಕೈ ಹಾಕುತ್ತೇನೆ ಅಂತ ಷರತ್ತು.

"ಇರೋರು ಐದ್ ಜನ. ಆರನೇದು ಯಾರಿಗಪ್ಪ?" ಅಂದೆ, ಕಾಫಿ ಲೋಟ ಇಡುತ್ತಾ.

"ತುಮಕೂರಲ್ಲಿ ನಮ್ ಷಡ್ಕ ಅವ್ನಲ್ಲ ಅತ್ಗೆ, ಅವನ್ಗೆ."

ಅವನ ಷಡ್ಕನನ್ನು ನಾನು ಬಲ್ಲೆ. ಊದುಬತ್ತಿ ಹೊಗೆಗೇ ಸೀನುವ ಪ್ರಾಣಿ ಅದು. ಆದರೂ ಬಾಯಿ ಬಿಡಲಿಲ್ಲ. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಬಿಡುತ್ತೇವೆ, ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಅಂತ ಒಡೆದು ನೋಡುವುದಿಲ್ಲ, ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ನೀರು ಕುಲುಕಿದರೆ ತಿರುಗಿ ಅಟ್ಟಕ್ಕೆ. ಒಳಗೆ ಗಡಗಡ ಉರುಳಿದರೆ ಆಗ ಕತ್ತಿ. ದಲಾಲಿಯ ಮಾತಿನಲ್ಲಿ ಇನ್ನೂ ನೀರು ಕುಲುಕುತ್ತಿತ್ತು.

ಆಕಾರ ಆರಿಸುವ ಕೆಲಸ ನಮ್ಮ ಜಗಲಿಯ ಮೇಲೆಯೇ ಶುರುವಾಯಿತು. ದಲಾಲಿ ಫೋನಿನಲ್ಲಿ ಚಿತ್ರ ತೋರಿಸುವುದು, ಯಜಮಾನರು ಅದನ್ನು ನೋಡಿ ತೆಂಗಿನ ಗರಿಯ ಬುಡದ ಹಸಿ ಮಟ್ಟೆಯಲ್ಲಿ, ಹುಡುಗರು ಕ್ರಿಕೆಟ್ ಬ್ಯಾಟು ಮಾಡಿಕೊಳ್ಳುತ್ತಾರಲ್ಲ ಅದರಲ್ಲಿ, ಮಾದರಿ ಕೆತ್ತುವುದು. "ನಾನ್ ಸೇದೋನಲ್ಲ. ಕೆತ್ತೋಕೆ ಏನ್ ದೋಷ?" ಅಂದರು ನನ್ನ ಮುಖ ನೋಡದೆ. ಕೆತ್ತಿದ್ದನ್ನು ಒಬ್ಬೊಬ್ಬರೂ ಬಾಯಿಗಿಟ್ಟು ಕಚ್ಚಿ ನೋಡುತ್ತಿದ್ದರು.

"ನೆಟ್ಟಗಿರ್ಬೇಕು ಕಣ್ಲಾ. ಬಗ್ಗಿಸಿದ್ರೆ ಬಚ್ಚಲ ನಲ್ಲಿ ಕಚ್ಕಂಡಂಗೆ ಕಾಣುತ್ತೆ" ಅಂದವನು ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತನಾದವನು.

"ನಿನ್ ಮೂತಿಗೆ ನಲ್ಲಿನೇ ಸರಿ ಬುಡು" ಅಂದ ದಲಾಲಿ.

ಹೀಗೆ ಕೆಲವು ಸಂಜೆ ಕಳೆದವು. ನೆಟ್ಟಗಿನ ಉದ್ದದ ಪೈಪಿನ ಕಡೆಗೇ ಎಲ್ಲರ ಮನಸ್ಸಿತ್ತು. ಆಮೇಲೊಂದು ಸಂಜೆ ನಾನು ತೋಟದಿಂದ ಬರುವಷ್ಟರಲ್ಲಿ ಎಲ್ಲರೂ ತಿರುಗಿಕೊಂಡಿದ್ದರು. ಮೋಟು ಕೊಕ್ಕೆಯಂತೆ ಬಗ್ಗಿದ ಒಂದು ಆಕಾರ, ಅದೇ ಸರಿ ಅಂತ ಐದೂ ಜನ. ಕಾಫಿಗೆ ಸಕ್ಕರೆ ಎಷ್ಟು ಅನ್ನುವುದಕ್ಕೂ ಒಂದಾಗದವರು. ನಲ್ಲಿ ಅಂತ ಹಳಿದಿದ್ದ ಕಂಡಕ್ಟರೇ, "ನೋಡ್ತಾ ನೋಡ್ತಾ ಚೆನ್ನಾಗ್ ಕಾಣುತ್ತೆ ಅಕ್ಕ" ಅಂದ. ಅಂದವನು ಚಪ್ಪಲಿ ನೋಡುತ್ತಿದ್ದ.

ಬೆಳಿಗ್ಗೆ ಜಗಲಿ ಗುಡಿಸುವಾಗ ಆ ಮಟ್ಟೆ ಮಾದರಿಗಳನ್ನೆಲ್ಲ ನೀರೊಲೆಗೆ ಅಂತ ಬಾಚಿಕೊಂಡೆ. ಒಲೆಯ ಮುಂದೆ ಕೂತು ಒಂದೊಂದಾಗಿ ಹಾಕುವಾಗ ಕಣ್ಣಿಗೆ ಬಿತ್ತು. ಹಸಿ ಮಟ್ಟೆಯಲ್ಲಿ ಹಲ್ಲಿನ ಗುರುತು ಚೆನ್ನಾಗಿ ಮೂಡುತ್ತದೆ. ನೆಟ್ಟಗಿನವುಗಳ ತುದಿಯೆಲ್ಲ ಇಲಿ ಕಡಿದಂತಿತ್ತು. ಕೊಕ್ಕೆಯ ತುದಿಯಲ್ಲಿ ಒಂದೂ ಗುರುತಿಲ್ಲ. ಬಾಯಿಗಿಡುವ ಕಡೆ ಉರುಟಾಗಿ, ಮಗುವಿನ ಬಾಟಲಿಯ ನಿಪ್ಪಲಿನಂತೆ ಉಬ್ಬಿಸಿ ಕೆತ್ತಿದ್ದರು. ಚೀಪಿ ಚೀಪಿ ಆ ತುದಿ ಕಪ್ಪಾಗಿತ್ತು.

ನಮ್ಮ ಯಜಮಾನರಿಗೆ ಹಲ್ಲಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟು ಒತ್ತುತ್ತದೆ ಅಂತ ಗೂಡಿನಲ್ಲಿ ಲೋಟದೊಳಗೆ ಬಿದ್ದಿರುತ್ತದೆ. ಉಳಿದ ಐವರಿಗೂ ಕಬ್ಬು ಸಿಗಿಯುವಷ್ಟು ಹಲ್ಲಿವೆ. ಕೊಕ್ಕೆಯನ್ನು ಒಲೆಗೆ ಹಾಕದೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಸಂಜೆ ಕಾಫಿ ತಟ್ಟೆಯಲ್ಲಿ ಲೋಟಗಳ ನಡುವೆ ಅದನ್ನೂ ಇಟ್ಟುಕೊಂಡು ಹೋದೆ.

"ಇದನ್ನ ಕಚ್ಚಪ್ಪ ಒಂದ್ಸಲ" ಅಂತ ಕಂಡಕ್ಟರಿಗೆ ಕೊಟ್ಟೆ. ಸೆರಗಿನಲ್ಲಿ ಒರೆಸಿಯೇ ಕೊಟ್ಟೆ.

ಕಚ್ಚಿದ. ಉರುಟು ತುದಿ ಹಲ್ಲಿಗೆ ಸಿಕ್ಕದೆ ಜಾರಿ ಮಡಿಲಿಗೆ ಬಿತ್ತು. ಇನ್ನೊಬ್ಬ ಕಚ್ಚಿದ. ಅವನಿಗೂ ಜಾರಿತು.

"ಹಲ್ಲಿರೋರು ಐದ್ ಜನ ಸೇರ್ಕೊಂಡು ಬೊಚ್ಚು ಬಾಯಿಗೊಗ್ಗೋ ಪೈಪು ಯಾಕ್ರಪ್ಪ ಮಾಡಿಸ್ತಿದೀರ?"

ಎಲ್ಲರೂ ಯಜಮಾನರ ಮುಖ ನೋಡಿದರು. ಕೊನೆಗೆ ದಲಾಲಿ, "ಅಣ್ಣ, ಅಟ್ಟದ್ ಕಾಯಿ ಗಡಗಡ ಅಂತು. ನೀನೇ ಹೇಳು" ಅಂದ.

ಯಜಮಾನರು ಗಂಟಲು ಸರಿ ಮಾಡಿಕೊಂಡರು. "ಸೇದೋಕಲ್ಲ ಕಣೇ. ಇವ್ರೆಲ್ಲ ಬಾಯಲ್ಲಿಟ್ಕಂಡ್ ಕೂತ್ರೆ ನಾನೊಬ್ನೇ ಚಪ್ಪರದ್ ಕಂಬ ಇದ್ದಂಗೆ ಕೂರ್ಬೇಕಾ? ಬರೀ ಇಟ್ಕಳಕ್ಕೆ. ಬೆಂಕಿ ಇಲ್ಲ, ಹೊಗೆಸೊಪ್ಪು ಇಲ್ಲ."

"ಬರೀ ಇಟ್ಕಳಕ್ಕೆ?"

"ಬರೀ ಇಟ್ಕಳಕ್ಕೆ."

ಈ ಸಲ ಅವರ ಕೈ ಕರಡಿಗೆಯ ಕಡೆ ಹೋಗಲಿಲ್ಲ. ನಾನು ನೋಡಿದ್ದು ಕೈಯನ್ನೇ.

ಐದು ಜನ ತಮ್ಮ ಬಾಯಿಗೆ ಒಗ್ಗದ ಆಕಾರ ಒಪ್ಪಿದ್ದು ಇವರೊಬ್ಬರಿಗಾಗಿ. ಅದನ್ನು ಸ್ನೇಹ ಅನ್ನಬೇಕೋ ಕೊಲೆ ಅನ್ನಬೇಕೋ ನನಗೆ ತಿಳಿಯಲಿಲ್ಲ. "ಸರಿ, ಇದೇ ಆಕಾರ ಇರ್ಲಿ" ಅಂದೆ. "ಆರನೇದಕ್ಕೆ ಮಾತ್ರ ತೂತು ಹಾಕ್ಬೇಡ ಅಂತ ಹೇಳು ಆ ಮಾಯಸಂದ್ರದೋನಿಗೆ."

"ತೂತಿಲ್ದಿದ್ರೆ ಅದ್ಕೆ ಪೈಪು ಅಂತಾರಾ ಅತ್ಗೆ?"

"ಬಾಯಲ್ಲಿಟ್ಕಳಕ್ಕೆ ತೂತ್ಯಾಕೆ? ಕೊಳಲು ಊದ್ತಾರಾ?"

ಕಂಡಕ್ಟರ್ ನಕ್ಕು ಕಾಫಿ ಚೆಲ್ಲಿಕೊಂಡ. ದಲಾಲಿ ಹೇಳುತ್ತೇನೆ ಅಂದ. ದಲಾಲಿಯ ಬಾಯಿಗೆ ಬಿಟ್ಟು ನಾನು ಕೊಬ್ಬರಿಯನ್ನೇ ಮಾರುವುದಿಲ್ಲ, ಇದನ್ನು ಬಿಡುತ್ತೇನೆಯೇ? ಅಲ್ಲೇ ಫೋನು ಹಚ್ಚಿಸಿ ನಾನೇ ಮಾತಾಡಿದೆ. ಕೆತ್ತುವವನು ಎರಡು ಸಲ ಕೇಳಿ, "ಆಯ್ತು ಬುಡಿ ತಾಯಿ, ಕೆಲ್ಸ ಕಮ್ಮಿ" ಅಂದ.

ಪೈಪುಗಳು ಬಂದವು. ಕೆಂಪಗೆ, ಎಣ್ಣೆ ಉಜ್ಜಿದ್ದು, ಆರೂ ಒಂದೇ ಅಚ್ಚಿನವು. ಆರನೆಯದಕ್ಕೆ ಮೇಲೆ ಸೊಪ್ಪು ತುಂಬುವ ಬಟ್ಟಲು ಇತ್ತು, ಕೊಳವೆ ಮಾತ್ರ ಗಟ್ಟಿ ಮರ. ಸಂಜೆ ಜಗಲಿಯ ಮೇಲೆ ಆರು ಜನ ಬೆಂಕಿ ಹಚ್ಚದ ಆರು ಕೊಕ್ಕೆ ಬಾಯಿಗೆ ತಗಲಿಸಿಕೊಂಡು ಕೂತರು. ಐವರದು ಜಾರುತ್ತಿತ್ತು, ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಯಜಮಾನರದು ಒಸಡಿಗೆ ಕಚ್ಚಿ ನಿಂತಿತ್ತು. ಮುಖದಲ್ಲಿ ಕಳೆ ಬಂದಿತ್ತು ಅನ್ನುವುದನ್ನು ಇಲ್ಲ ಅನ್ನಲಾರೆ.

ಕಳೆ ಬಂದ ಮುಖವನ್ನು ನಂಬುವವಳಲ್ಲ ನಾನು. ಅವರು ಸ್ನಾನಕ್ಕೆ ಹೋದಾಗಲೆಲ್ಲ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಹಿರಿದು ಬಾಯಿಯ ಕಡೆಯಿಂದ ಚುಚ್ಚಿ ನೋಡುತ್ತಿದ್ದೆ. ಗಟ್ಟಿ ಮರ. ಸೊಸೆ ನೋಡಿ, "ಏನತ್ತೆ, ಅದಕ್ಕೂ ಕಿವಿ ಚುಚ್ತೀರಾ?" ಅಂದಳು.

ಯುಗಾದಿ ಕಳೆದ ಮೇಲೆ ಕೊಬ್ಬರಿ ಚೀಲ ಹೊಲಿಯಲು ನೋಡಿದರೆ ದಬ್ಬಳ ಇರಲಿಲ್ಲ. ಮನೆಯೆಲ್ಲ ಹುಡುಕಿದೆ. ಸಿಕ್ಕಿದ್ದು ನೀರೊಲೆಯ ಬೂದಿಯ ಪಕ್ಕದಲ್ಲಿ, ಮೊನೆ ಕಪ್ಪಾಗಿ. ಆ ದಪ್ಪ ಸೂಜಿಯನ್ನು ಬೆಂಕಿಯ ಹತ್ತಿರ ಒಯ್ಯುವ ಕೆಲಸ ನಮ್ಮ ಮನೆಯಲ್ಲಿ ಯಾವುದೂ ಇಲ್ಲ. ನೇರ ಹೋಗಿ ಪೈಪು ತೆಗೆದುಕೊಂಡೆ. ಬಾಯಿಯ ಕಡೆಯಿಂದ ಚುಚ್ಚಿದೆ, ಗಟ್ಟಿ. ಆಮೇಲೆ ತಿರುಗಿಸಿ ಬಟ್ಟಲಿನೊಳಗಿಂದ, ತಳದಲ್ಲಿ ಕೊಳವೆಯ ಕಡೆಗೆ ಚುಚ್ಚಿದೆ. ಕಡ್ಡಿ ಒಂದು ಭತ್ತದ ಕಾಳಿನಷ್ಟು ಒಳಗೆ ಹೋಯಿತು. ಮೂಸಿದರೆ ಸುಟ್ಟ ಮರದ ವಾಸನೆ. ಇಷ್ಟು ದಿನ ನಾನು ಹಿತ್ತಿಲ ಬಾಗಿಲು ಕಾಯುತ್ತಿದ್ದೆ, ಅವರು ತಲೆಬಾಗಿಲಲ್ಲಿ ಕನ್ನ ಹಾಕುತ್ತಿದ್ದರು.

ಜಗಳ ತೆಗೆಯಲಿಲ್ಲ. ಕಡ್ಡಿಯನ್ನು ಒತ್ತಿ ಒಳಗೇ ಮುರಿದೆ, ಒರೆಸಿ ಇದ್ದಲ್ಲೇ ಇಟ್ಟೆ. ದಬ್ಬಳವನ್ನು ನನ್ನ ಎಲೆಅಡಿಕೆ ಚೀಲಕ್ಕೆ ಸೇರಿಸಿದೆ.

ಸಂಜೆ ಗೆಳೆಯರು ಗೇಟಿನಾಚೆ ಹೊಗೆ ಬಿಡುತ್ತಾ ನಿಂತಿದ್ದಾಗ ಯಜಮಾನರು ಪೈಪಿನ ಬಟ್ಟಲನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಹುಣಸೆ ಚೇಗು ಬಲು ಗಟ್ಟಿ ಕಣೇ" ಅಂದರು.

"ಗಟ್ಟಿ ಇರ್ಲಿ ಬುಡಿ. ಮಳೆಗಾಲ ಬರ್ತೈತೆ, ನಿಮ್ಗೆ ಉಸಿರು ಹಿಡಿಯೋ ಕಾಲ" ಅಂದೆ.

ಅವರು ಪೈಪು ಬಾಯಿಗೆ ತಗಲಿಸಿಕೊಂಡು ರಸ್ತೆ ನೋಡತೊಡಗಿದರು. ನಾನು ಅಲ್ಲೇ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿಕೊಂಡೆ. ಈಗಲೂ ದಿನಾ ಚುಚ್ಚಿ ನೋಡುತ್ತೇನೆ, ಎರಡೂ ಕಡೆಯಿಂದ.